ಕ್ಲಚ್ ಹೋಗಿದೆ ಎಂದರೆ ಸಾಕೇ?

ಆಟೋಮ್ಯಾಟಿಕ್ ಗೇರಿನ ಕಾರು ಈಗ ನಮ್ಮ ಶಿರಿಯ, ಬಂದ್ಯೋಡು, ಉಪ್ಪಳದ ಕಡೆ ಅಪರೂಪದ ವಸ್ತುವಲ್ಲ. ಒಂದು ಕಾಲದಲ್ಲಿ ಅದರ ಸುದ್ದಿ ಹೇಳುತ್ತಿದ್ದವರು ಗಲ್ಫಿನಲ್ಲಿ ಡ್ರೈವರ್ ಕೆಲಸ ಮಾಡಿ ರಜೆಯಲ್ಲಿ ಬಂದವರು ಮಾತ್ರ. 2014ರಲ್ಲಿ ಮಾರುತಿಯವರು ಸೆಲೆರಿಯೊ ಕಾರಿನಲ್ಲಿ ಕಡಿಮೆ ಬೆಲೆಯ ಎ.ಎಂ.ಟಿ. ಗೇರನ್ನು ತಂದ ಮೇಲೆ ಚಿತ್ರ ಬದಲಾಯಿತು. ಪಿಂಚಣಿಯಾದ ಅಧ್ಯಾಪಕರು, ಬ್ಯಾಂಕಿಗೆ ಹೋಗುವ ಅಕ್ಕಂದಿರು, ಮೊಣಕಾಲು ನೋವಿನವರು, ಎಲ್ಲರೂ ಎಡಗಾಲಿಗೆ ಕೆಲಸವಿಲ್ಲದ ಕಾರು ಸಾಕು ಎನ್ನತೊಡಗಿದರು. ಸಂತೋಷವೇ. ಆದರೆ ಕಾರಿನ ಜೊತೆಗೆ ಒಂದು ಹೊಸ ವಾಕ್ಯವೂ ಊರಿಗೆ ಬಂದಿದೆ: "ಕ್ಲಚ್ ಹೋಗಿದೆ, ಗೇರ್ ಬಾಕ್ಸನ್ನೇ ಬದಲಿಸಬೇಕು."

ಈ ವಾಕ್ಯದ ಬಗ್ಗೆ ನಮಗೆ ತಕರಾರು ಇದೆ.

ಕನ್ನಡ ಮಾಷ್ಟ್ರಿಗೆ ಗೇರ್ ಬಾಕ್ಸಿನ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಯಾಕೆಂದರೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಂದ ಹತ್ತನೆಯ ತರಗತಿ ಮುಗಿಸಿ ಹೋದ ಹುಡುಗರಲ್ಲಿ ಹಲವರು ಮಂಗಳೂರಿನಿಂದ ಕಾಸರಗೋಡಿನ ತನಕ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲೇ ಇದ್ದಾರೆ. ಕೆಲವರು ಶಾರ್ಜಾದಲ್ಲಿ, ದೋಹಾದಲ್ಲಿ ಇದ್ದಾರೆ. ರಕ್ಷಕ ಶಿಕ್ಷಕ ಸಂಘದ ಸಭೆಗಳಲ್ಲಿ ನಾವು ಡಾಕ್ಟರಾದವರ, ಎಂಜಿನಿಯರಾದವರ ಹೆಸರು ಹೇಳಿ ಚಪ್ಪಾಳೆ ಹೊಡೆಸುತ್ತೇವೆ. ಗ್ಯಾರೇಜಿಗೆ ಹೋದವರ ಹೆಸರು ಹೇಳುವುದಿಲ್ಲ. ಅವರು ಮುಂದೆ "ಹೋಗಿದೆ, ಬದಲಿಸಿ" ಎನ್ನುವವರಾಗುತ್ತಾರೋ "ಯಾಕೆ ಹೋಯಿತು" ಎಂದು ಹುಡುಕುವವರಾಗುತ್ತಾರೋ ಎಂಬುದು ಬಹುಮಟ್ಟಿಗೆ ನಮ್ಮ ವಿಜ್ಞಾನದ ತರಗತಿಯಲ್ಲೇ ತೀರ್ಮಾನವಾಗುತ್ತದೆ ಎಂಬುದು ನಮ್ಮ ನಂಬಿಕೆ. ಆ ನಂಬಿಕೆಗೆ ಕಾರಣ ಹೇಳಬೇಕಾದರೆ ಗೇರ್ ಬಾಕ್ಸಿನ ಒಳಗೆ ಸ್ವಲ್ಪ ಇಳಿಯಲೇಬೇಕು. ಓದುಗರು ತಾಳ್ಮೆಯಿಂದ ಬರಬೇಕು.

ಮೊದಲಿಗೆ, ಆಟೋಮ್ಯಾಟಿಕ್ ಕಾರಿಗೆ ಕ್ಲಚ್ಚೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಇಲ್ಲದಿರುವುದು ಕ್ಲಚ್ ಪೆಡಲ್. ಕ್ಲಚ್ ಒಳಗೆ ಇದ್ದೇ ಇದೆ. ಕೆಲವು ಕಾರುಗಳಲ್ಲಿ ಒಂದಲ್ಲ, ಐದಾರು ಇವೆ. ಎ.ಎಂ.ಟಿ. ಎನ್ನುವುದು ನಮ್ಮ ಮಾಮೂಲಿ ಗೇರ್ ಬಾಕ್ಸೇ. ಅದೇ ಒಣ ಕ್ಲಚ್ ಪ್ಲೇಟು, ಅದೇ ಪ್ರೆಷರ್ ಪ್ಲೇಟು. ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಅಪ್ಪಣೆಯಂತೆ ಒಂದು ಸಣ್ಣ ಯಂತ್ರ ಮಾಡುತ್ತದೆ, ಅಷ್ಟೆ. ಡಿ.ಸಿ.ಟಿ. ಎಂಬುದರಲ್ಲಿ ಎರಡು ಕ್ಲಚ್‌ಗಳಿವೆ: ಒಂದು ಬೆಸ ಗೇರುಗಳಿಗೆ, ಇನ್ನೊಂದು ಸರಿ ಗೇರುಗಳಿಗೆ. ಕೆಲವದರಲ್ಲಿ ಅವು ಒಣಗಿಯೇ ಇರುತ್ತವೆ, ಕೆಲವದರಲ್ಲಿ ಎಣ್ಣೆಯಲ್ಲಿ ಮುಳುಗಿರುತ್ತವೆ. ಮೂರನೆಯದು ಹಿರಿಯಣ್ಣ, ಟಾರ್ಕ್ ಕನ್ವರ್ಟರ್ ಇರುವ ಪೆಟ್ಟಿಗೆ. ಅಮೆರಿಕದ ಜನರಲ್ ಮೋಟರ್ಸ್‌ನವರು 1939ರಲ್ಲೇ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗಾಗಿ, ಹೈಡ್ರಾಮ್ಯಾಟಿಕ್ ಎಂಬ ಪೂರ್ತಿ ಆಟೋಮ್ಯಾಟಿಕ್ ಗೇರನ್ನು ಮಾರಾಟಕ್ಕೆ ಬಿಟ್ಟಿದ್ದರು ಎಂದರೆ ಇದು ಎಷ್ಟು ಹಳೆಯ ವಿದ್ಯೆ ನೋಡಿ! ಸಿ.ವಿ.ಟಿ. ಎಂಬ ನಾಲ್ಕನೆಯದೂ ಉಂಟು. ಅದರಲ್ಲಿ ಬೆಲ್ಟು ಮತ್ತು ರಾಟೆಗಳದ್ದೇ ಕಾರುಬಾರು, ಅದನ್ನು ಇಲ್ಲಿ ಬಿಟ್ಟುಬಿಡೋಣ.

ಒಣ ಕ್ಲಚ್ಚಿನ ಶತ್ರು ಶಾಖ. ಇದನ್ನು ಲೆಕ್ಕ ಮಾಡಿ ತೋರಿಸಬಹುದು, ಹೈಸ್ಕೂಲಿನ ಮಕ್ಕಳೂ ಮಾಡಬಹುದು. ನಮ್ಮ ಮುರಕಲ್ಲಿನ ಗುಡ್ಡೆ ಹತ್ತುವ ಒಂದು ರಸ್ತೆ, ಹತ್ತಕ್ಕೆ ಒಂದರ ಏರು ಎಂದಿಟ್ಟುಕೊಳ್ಳಿ. ಕಾರಿನ ತೂಕ 1000 ಕಿಲೋಗ್ರಾಂ. ಅದನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 980 ನ್ಯೂಟನ್. ಎದುರಿನ ವಾಹನ ನಿಂತಿದೆ. ನಾವು ಬ್ರೇಕ್ ಒತ್ತದೆ, ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿ ಕಾರನ್ನು ಹಿಂದೆ ಹೋಗದಂತೆ ನಿಲ್ಲಿಸಿಕೊಂಡಿದ್ದೇವೆ. ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ಮೊದಲ ಗೇರಿನಲ್ಲಿ ಅದು ಕಾರನ್ನು ಸೆಕೆಂಡಿಗೆ ಸುಮಾರು 2 ಮೀಟರ್ ಓಡಿಸಬೇಕಿತ್ತು. ಕಾರು ನಿಂತೇ ಇದೆ, ಹಾಗಾಗಿ ಆ ವೇಗವೆಲ್ಲ ಕ್ಲಚ್ಚಿನಲ್ಲಿ ಜಾರುವಿಕೆಯಾಗಿ ಕಳೆದುಹೋಗುತ್ತದೆ. ಬಲವನ್ನು ವೇಗದಿಂದ ಗುಣಿಸಿ: 1960 ವಾಟ್. ಅಂದರೆ ಅಡುಗೆಮನೆಯ ಇಂಡಕ್ಷನ್ ಒಲೆಯನ್ನು ಪೂರ್ತಿ ಉರಿಯಲ್ಲಿಟ್ಟು ಅದರ ಮೇಲೆ ಕ್ಲಚ್ ಪ್ಲೇಟನ್ನು ಇಟ್ಟ ಹಾಗೆ! ಅರ್ಧ ನಿಮಿಷ ಹೀಗೆ ನಿಂತರೆ ಸುಮಾರು 59 ಸಾವಿರ ಜೂಲ್ ಶಾಖ. ಸಮತಟ್ಟಾದ ರಸ್ತೆಯಲ್ಲಿ ಒಮ್ಮೆ ಹೊರಡುವಾಗ ಕ್ಲಚ್ ತಿನ್ನುವ ಶಾಖ ಇದೇ ಲೆಕ್ಕದಲ್ಲಿ ಸುಮಾರು 2 ಸಾವಿರ ಜೂಲ್ ಮಾತ್ರ. ಏರಿನಲ್ಲಿ ಅರ್ಧ ನಿಮಿಷ ನಿಂತದ್ದು ಹೆಚ್ಚುಕಡಿಮೆ ಮೂವತ್ತು ಸಲ ಹೊರಟದ್ದಕ್ಕೆ ಸಮ. ಇಷ್ಟು ಗೊತ್ತಾದ ಮಗು ಮುಂದೆ ಕಾರು ಬಿಡುವಾಗ ಏರಿನಲ್ಲಿ ತಾನಾಗಿಯೇ ಬ್ರೇಕ್ ಒತ್ತುತ್ತದೆ, ನಾವು ಉಪದೇಶ ಮಾಡಬೇಕಾಗಿಲ್ಲ.

ತಲಪಾಡಿಯಿಂದ ಚೆಂಗಳದ ತನಕ ಷಟ್ಪಥದ ಕಾಮಗಾರಿ ನಡೆದ ವರ್ಷಗಳನ್ನು ಇಲ್ಲಿಯವರು ಮರೆತಿರಲಾರರು. ಸರ್ವೀಸ್ ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಹತ್ತು ಮೀಟರ್ ಹೋಗುವುದು, ನಿಲ್ಲುವುದು, ಮತ್ತೆ ಐದು ಮೀಟರ್. ಮೇಲಿಂದ ಬಿಸಿಲು, ಕೆಳಗೆ ಧೂಳು. ಎ.ಎಂ.ಟಿ.ಯವರಿಗೆ, ಒಣ ಕ್ಲಚ್ಚಿನ ಡಿ.ಸಿ.ಟಿ.ಯವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಇಲ್ಲ. ಎದುರಿನ ವಾಹನಕ್ಕೆ ಸ್ವಲ್ಪ ಅಂತರ ಕೊಟ್ಟು, ಜಾಗವಾದ ಮೇಲೆ ಒಮ್ಮೆಲೇ ಹೋಗಿ ನಿಲ್ಲಿಸಿದರೆ ಕ್ಲಚ್ ಉಳಿಯುತ್ತದೆ. ಆದರೆ ಅಂತರ ಕೊಟ್ಟರೆ ನಮ್ಮೂರಲ್ಲಿ ನಡುವೆ ಒಂದು ರಿಕ್ಷಾ ನುಗ್ಗುತ್ತದೆ ಎಂಬುದೂ ನಿಜ, ಏನು ಮಾಡೋಣ!

ಹಾಗೆಂದು ಎಲ್ಲವನ್ನೂ ಓಡಿಸುವವನ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಇದಕ್ಕೆ ದೊಡ್ಡ ಉದಾಹರಣೆ ಉಂಟು. ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಎಂಬ ಎರಡು ಒಣ ಕ್ಲಚ್ಚಿನ ಗೇರ್ ಹಾಕಿದ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳು ಆಸ್ಟ್ರೇಲಿಯಾದಲ್ಲಿ ಹೊರಡುವಾಗ ನಡುಗುತ್ತಿದ್ದವು. ದೂರು ತಂದ ಹಲವರಿಗೆ ಸಿಕ್ಕಿದ ಉತ್ತರ, ನಿಮ್ಮ ಓಡಿಸುವ ರೀತಿಯೇ ಸರಿಯಿಲ್ಲ ಎಂದು. ದೋಷ ಇದೆ ಎಂಬುದು ಕಂಪನಿಗೆ ಗೊತ್ತಿದ್ದೂ ಹೀಗೆ ಹೇಳಲಾಗಿತ್ತು. ವ್ಯಾಜ್ಯ ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗಿ, 2018ರ ಏಪ್ರಿಲ್‌ನಲ್ಲಿ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಆ ಪೆಟ್ಟಿಗೆಗಳಲ್ಲಿ ಕಂಡ ತೊಂದರೆಗಳಲ್ಲಿ ಒಂದು, ಒಳಗಿನ ಶಾಫ್ಟಿನ ಸೀಲು ಸೋರಿ ಒಣಗಿರಬೇಕಾದ ಕ್ಲಚ್ಚಿಗೆ ಎಣ್ಣೆ ತಾಗುವುದು. ಎಣ್ಣೆ ತಾಗಿದ ಒಣ ಪ್ಲೇಟು ಒಮ್ಮೆ ಹಿಡಿಯುತ್ತದೆ, ಒಮ್ಮೆ ಜಾರುತ್ತದೆ, ಅದೇ ನಡುಕ. ಇಂಥಲ್ಲಿ ಹೊಸ ಪ್ಲೇಟು ಹಾಕಿ ಹಳೆಯ ಸೀಲನ್ನೇ ಬಿಟ್ಟರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ನಮ್ಮ ದೇಶದಲ್ಲಿ 2013ರಲ್ಲಿ ಬಂದ ಇಕೋಸ್ಪೋರ್ಟಿನ ಆಟೋಮ್ಯಾಟಿಕ್ ಮಾದರಿಯಲ್ಲೂ ಪವರ್‌ಶಿಫ್ಟೇ ಇತ್ತು, 2017ರ ಕೊನೆಯ ಹೊಸ ಮಾದರಿಗೆ ಟಾರ್ಕ್ ಕನ್ವರ್ಟರ್ ಪೆಟ್ಟಿಗೆ ಬಂತು.

ಇನ್ನೊಂದು ಸಂಗತಿ ನಮ್ಮ ಹವೆಗೇ ಹತ್ತಿರದ್ದು. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಏಳು ಗೇರಿನ ಡಿ.ಎಸ್.ಜಿ. ಇರುವ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಯಿತು. ಇದೂ ಎರಡು ಒಣ ಕ್ಲಚ್ಚಿನ ಪೆಟ್ಟಿಗೆ. ಬಿಸಿಯೂ ತೇವವೂ ಇರುವ ಹವೆಯಲ್ಲಿ, ನಿಂತು ನಿಂತು ಸಾಗುವ ಸಂಚಾರದಲ್ಲಿ, ಅದರ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ಭಾಗಗಳು ಕೆಡಬಹುದು ಎಂಬುದು ಕಾರಣ. ಪರಿಹಾರ ಏನು? ಆ ಎಣ್ಣೆ ತೆಗೆದು ಖನಿಜ ಎಣ್ಣೆ ಹಾಕುವುದು. ಕಾರು ಎಳೆಯದೆ ನಿಂತಾಗ ಮಾಲಿಕ "ಕ್ಲಚ್ ಹೋಯಿತು" ಎಂದೇ ಹೇಳಿರುತ್ತಾನೆ. ಪಾಪ, ಕ್ಲಚ್ಚಿನದ್ದು ಅಲ್ಲಿ ತಪ್ಪೇ ಇರಲಿಲ್ಲ.

ಈಗ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚುಗಳಿಗೆ ಬರೋಣ. ನಮಗೆ ಇಷ್ಟವಾದ ಭಾಗ ಇದು. ಪತ್ರೊಡೆ ಮಾಡುವಾಗ ಸುರುಳಿ ಸುತ್ತುವ ಮೊದಲು ಕೆಸುವಿನ ಎಲೆ, ಹಿಟ್ಟು, ಎಲೆ, ಹಿಟ್ಟು ಎಂದು ಒಂದರ ಮೇಲೊಂದು ಇಡುತ್ತಾರಲ್ಲ, ಈ ಕ್ಲಚ್ ಕೂಡ ಹಾಗೆಯೇ. ಒಂದು ಉಕ್ಕಿನ ಪ್ಲೇಟು, ಒಂದು ಕಾಗದದಂಥ ಲೈನಿಂಗ್ ಅಂಟಿಸಿದ ಪ್ಲೇಟು, ಮತ್ತೆ ಉಕ್ಕು, ಮತ್ತೆ ಲೈನಿಂಗ್. ಉಕ್ಕಿನ ಪ್ಲೇಟುಗಳ ಹಲ್ಲು ಹೊರಗಿನ ಡ್ರಮ್ಮಿಗೆ, ಲೈನಿಂಗ್ ಪ್ಲೇಟುಗಳ ಹಲ್ಲು ಒಳಗಿನ ಭಾಗಕ್ಕೆ. ಎಣ್ಣೆಯ ಒತ್ತಡ ಒಂದು ಪಿಸ್ಟನನ್ನು ತಳ್ಳಿದಾಗ ಇಡೀ ಅಟ್ಟಿ ಒಂದಾಗಿ ತಿರುಗುತ್ತದೆ. ಒತ್ತಡ ಬಿಟ್ಟರೆ ಬೇರೆ ಬೇರೆ. ಎರಡು ನೋಟ್ ಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ಎಳೆಯಲು ಮಕ್ಕಳಿಗೆ ಕೊಡಿ. ತರಗತಿಯ ಅತಿ ಬಲಶಾಲಿ ಹುಡುಗನಿಗೂ ಅವನ್ನು ಬಿಡಿಸಲಾಗುವುದಿಲ್ಲ. ತೆಳ್ಳಗಿನ ಹತ್ತು ಪ್ಲೇಟು ಒಂದು ಕಾರನ್ನು ಹೇಗೆ ಎಳೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಪಿಸ್ಟನಿನ ಹಿಂದೆ ಇರುವುದು ನಮ್ಮ ಪಾಸ್ಕಲ್ ನಿಯಮ. ಲೆಕ್ಕಕ್ಕೆ ಅನುಕೂಲವಾಗಲು ಪಿಸ್ಟನಿನ ವಿಸ್ತೀರ್ಣ 100 ಚದರ ಸೆಂಟಿಮೀಟರ್, ಎಣ್ಣೆಯ ಒತ್ತಡ 10 ಬಾರ್ ಎನ್ನೋಣ. ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ 10 ನ್ಯೂಟನ್. ಹಾಗಾದರೆ ಪ್ಲೇಟುಗಳನ್ನು ಒತ್ತುವ ಬಲ 10 ಸಾವಿರ ನ್ಯೂಟನ್, ಹತ್ತಿರ ಹತ್ತಿರ ಒಂದು ಟನ್ನಿನ ಭಾರ. ಪಿಸ್ಟನಿನ ರಬ್ಬರ್ ಸೀಲು ಗಟ್ಟಿಯಾಗಿ ಸೋರತೊಡಗಿ ಒತ್ತಡ 5 ಬಾರಿಗೆ ಇಳಿದರೆ ಬಲ ಅರ್ಧ, ಘರ್ಷಣೆಯೂ ಅರ್ಧ. ಎಂಜಿನ್ ಜೋರು ಮಾಡಿದಾಗ ಪ್ಲೇಟು ಜಾರುತ್ತದೆ, ಜಾರಿದ್ದು ಬಿಸಿಯಾಗುತ್ತದೆ, ಬಿಸಿಯಾದದ್ದು ಕರಿಯುತ್ತದೆ. ಪೆಟ್ಟಿಗೆ ಬಿಚ್ಚಿದಾಗ ಕಣ್ಣಿಗೆ ಕಾಣುವುದು ಕರಿದ ಪ್ಲೇಟು, ಕಾಣದೆ ಉಳಿಯುವುದು ಕೆಲವು ರೂಪಾಯಿಯ ಸೀಲು. ಆದ್ದರಿಂದಲೇ ನಾವು ಹೇಳುವುದು, ಕ್ಲಚ್ ಹೋಗಿದೆ ಎಂಬುದು ರೋಗದ ಹೆಸರಲ್ಲ, ಜ್ವರ ಬಂದಿದೆ ಎಂದ ಹಾಗೆ. ಜ್ವರ ಯಾವುದರಿಂದ?

ಒಳ್ಳೆಯ ಮೆಕ್ಯಾನಿಕ್ ಸ್ಪಾನರ್ ಹಿಡಿಯುವ ಮೊದಲು ಮಾತಾಡುತ್ತಾನೆ. ತಣ್ಣಗಿರುವಾಗ ಹೀಗಾಗುತ್ತದೋ, ಬಿಸಿಯಾದ ಮೇಲೋ? ಮುಂದೆ ಹೋಗುವಾಗ ಮಾತ್ರವೋ, ರಿವರ್ಸಿನಲ್ಲೂ ಉಂಟೋ? ಇಲ್ಲಿ ನಮ್ಮ ಭಾಷೆ ಎಷ್ಟು ಉಪಕಾರಿ ನೋಡಿ. "ಗೇರ್ ಪ್ರಾಬ್ಲಂ" ಎಂದು ಹೇಳಿದರೆ ಅವನಿಗೆ ಏನೂ ತಿಳಿಯುವುದಿಲ್ಲ. ಜಾರುತ್ತದೆ, ಜಗ್ಗುತ್ತದೆ, ನಡುಗುತ್ತದೆ, ತಡವಾಗಿ ಹಿಡಿಯುತ್ತದೆ: ಇವು ನಾಲ್ಕು ಬೇರೆ ಬೇರೆ ದೂರುಗಳು. ಎಂಜಿನ್ ಕೂಗಿಕೊಂಡರೂ ಕಾರಿನ ವೇಗ ಏರದಿದ್ದರೆ ಅದು ಜಾರುವುದು. ಗೇರ್ ಬದಲಾಗುವಾಗ ಹಿಂದಿನಿಂದ ಯಾರೋ ಎಳೆದಂತಾದರೆ ಜಗ್ಗುವುದು, ಅದಕ್ಕೆ ಪ್ಲೇಟಿಗಿಂತ ಹೆಚ್ಚಾಗಿ ಕವಾಟ, ಸೊಲೆನಾಯ್ಡ್, ಒತ್ತಡದ ಏರುಪೇರು ಕಾರಣವಿರಬಹುದು. ಡಿ ಹಾಕಿ ಎರಡು ಮೂರು ಸೆಕೆಂಡಿನ ನಂತರ ಕಾರು ಹೊರಟರೆ ತಡವಾಗಿ ಹಿಡಿಯುವುದು. ಎಣ್ಣೆ ಕಡಿಮೆಯೋ, ಸೀಲು ಗಟ್ಟಿಯಾಗಿದೆಯೋ ನೋಡಬೇಕು. ಗಂಟೆಗೆ 60-80 ಕಿಲೋಮೀಟರ್ ವೇಗದಲ್ಲಿ ಹಗುರವಾಗಿ ಹೋಗುವಾಗ ರಸ್ತೆಯ ಉಬ್ಬು ಪಟ್ಟಿಗಳ ಮೇಲೆ ಹೋದಂತೆ ನಡುಗಿದರೆ ಟಾರ್ಕ್ ಕನ್ವರ್ಟರಿನ ಒಳಗಿರುವ ಲಾಕ್-ಅಪ್ ಕ್ಲಚ್ ಮೇಲೆ ಸಂಶಯ. ಆಗ ಆಕ್ಸಿಲರೇಟರ್ ಬಿಡದೆ ಬ್ರೇಕ್ ಪೆಡಲನ್ನು ಮೆತ್ತಗೆ ಮುಟ್ಟಿದರೆ ಲಾಕ್-ಅಪ್ ಬಿಟ್ಟುಕೊಳ್ಳುತ್ತದೆ. ನಡುಕ ತಕ್ಷಣ ನಿಂತರೆ ಸಂಶಯ ಬಲವಾಯಿತು. ಈ ನಡುಕ ಕೆಲವೊಮ್ಮೆ ಸರಿಯಾದ ಎಣ್ಣೆ ಬದಲಿಸಿದರೇ ಹೋಗುತ್ತದೆ. ಇದನ್ನು ಎಂಜಿನಿನ ತೊಂದರೆ ಎಂದು ತಿಳಿದು ಪ್ಲಗ್ಗು, ಕಾಯಿಲ್ ಎಲ್ಲ ಬದಲಿಸಿ ದುಡ್ಡು ಕಳೆದವರೂ ಇದ್ದಾರೆ.

ಮಾತಿನ ನಂತರ ಎಣ್ಣೆ. ಈ ಎಣ್ಣೆ ಹೊಸತಾಗಿದ್ದಾಗ ಸಾಮಾನ್ಯವಾಗಿ ಕೆಂಪು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಕರಿದಿರುವ ಸಂಭವ ಹೆಚ್ಚು, ಬರೇ ಬಣ್ಣ ಮಾಸಿದ್ದರೆ ಹೆದರಬೇಕಾಗಿಲ್ಲ. ಈಗಿನ ಹಲವು ಕಾರುಗಳಿಗೆ ಎಣ್ಣೆಯ ಕಡ್ಡಿಯೇ ಇಲ್ಲ. ಎಂಜಿನ್ ಚಾಲೂ ಇಟ್ಟು, ಎಣ್ಣೆ ಕಂಪನಿ ಹೇಳಿದ ಉಷ್ಣತೆಗೆ ಬಂದಾಗ, ಪಕ್ಕದ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು. ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ನೊರೆ ಬಂದು ತೊಂದರೆ. ಯಾವುದೋ ಕೆಂಪು ಎಣ್ಣೆ ಸಾಕು ಎಂದು ಸುರಿಯುವುದಂತೂ ಮಹಾ ಅಪರಾಧ. ಕ್ಲಚ್ಚಿನ ಹಿಡಿತ ಎಣ್ಣೆಯ ಗುಣವನ್ನೇ ಅವಲಂಬಿಸಿದೆ.

ಆಮೇಲೆ ಸ್ಕ್ಯಾನರ್. ಕಂಪ್ಯೂಟರ್ ಪಿ 0732 ಎಂಬ ಕೋಡ್ ಕೊಟ್ಟಿತು ಎನ್ನಿ. ಎರಡನೆಯ ಗೇರಿನ ಅನುಪಾತ ಸರಿಯಿಲ್ಲ ಎಂದು ಅದರ ಅರ್ಥ. ಒಳಗೆ ಬರುವ ಶಾಫ್ಟ್ ನಿಮಿಷಕ್ಕೆ 2400 ಸುತ್ತು, ಗೇರಿನ ಅನುಪಾತ 2 ಆಗಿದ್ದರೆ ಹೊರಗೆ 1200 ಸುತ್ತು ಬರಬೇಕು. 1050 ಬಂದರೆ ನಡುವೆ ಎಲ್ಲೋ ಜಾರಿದೆ. ಆರನೆಯ ತರಗತಿಯ ಅನುಪಾತದ ಪಾಠ! ಆದರೆ ಗಮನಿಸಿ, ಕೋಡ್ ಹೇಳಿದ್ದು ಇಷ್ಟೇ. ಕ್ಲಚ್ ಬದಲಿಸು ಎಂದು ಅದು ಹೇಳಲಿಲ್ಲ. ಸುತ್ತು ಎಣಿಸುವ ಸೆನ್ಸರೇ ಕೆಟ್ಟಿದ್ದರೂ ಇದೇ ಕೋಡ್ ಬರಬಹುದು. ಕೋಡ್ ಎಂದರೆ ದೂರು, ತೀರ್ಪಲ್ಲ.

ಯಾವ ಕ್ಲಚ್ ಎಂದು ಬಿಚ್ಚದೆಯೇ ಹೇಳುವುದು ಇನ್ನೂ ಚಂದ. ಜನರಲ್ ಮೋಟರ್ಸ್‌ನ ಟರ್ಬೊ 400 ಎಂಬ ಮೂರು ಗೇರಿನ ಹಳೆಯ ಪೆಟ್ಟಿಗೆ 1964ರ ಮಾದರಿಯ ಕಾರುಗಳಲ್ಲಿ ಬಂತು. ಕಲಿಸಲು ಅದು ಸರಳ. ಅದರಲ್ಲಿ ಮುಖ್ಯವಾಗಿ ಮೂರು ಕ್ಲಚ್. ಫಾರ್ವರ್ಡ್ ಕ್ಲಚ್ ಒಂದು, ಎರಡು, ಮೂರು ಗೇರುಗಳಲ್ಲಿ ಕೆಲಸ ಮಾಡುತ್ತದೆ. ಇಂಟರ್ಮೀಡಿಯೆಟ್ ಕ್ಲಚ್ ಎರಡರಲ್ಲಿ ಸೇರಿಕೊಳ್ಳುತ್ತದೆ. ಡೈರೆಕ್ಟ್ ಕ್ಲಚ್ ಮೂರರಲ್ಲಿ ಮತ್ತು ರಿವರ್ಸಿನಲ್ಲಿ. ಈಗ ಪ್ರಶ್ನೆ: ಕಾರು ಒಂದು, ಎರಡರಲ್ಲಿ ಸರಿಯಾಗಿ ಎಳೆಯುತ್ತದೆ, ಮೂರರಲ್ಲಿ ಜಾರುತ್ತದೆ, ರಿವರ್ಸಿನಲ್ಲೂ ಜಾರುತ್ತದೆ. ತಪ್ಪಿತಸ್ಥ ಯಾರು? ಮೂರು ಮತ್ತು ರಿವರ್ಸ್ ಎರಡಕ್ಕೂ ಸಾಮಾನ್ಯವಾದದ್ದು ಡೈರೆಕ್ಟ್ ಕ್ಲಚ್ ಒಂದೇ. ಎಲ್ಲ ಮುಂದಿನ ಗೇರುಗಳಲ್ಲೂ ಜಾರಿ ರಿವರ್ಸ್ ಸರಿಯಿದ್ದರೆ ಫಾರ್ವರ್ಡ್ ಕ್ಲಚ್. ಎಲ್ಲದರಲ್ಲೂ ಜಾರಿದರೆ? ಆಗ ಯಾವ ಒಂದು ಕ್ಲಚ್ಚನ್ನೂ ದೂರಬೇಡಿ, ಎಲ್ಲಕ್ಕೂ ಒತ್ತಡ ಕೊಡುವ ಪಂಪು, ಎಣ್ಣೆಯ ಮಟ್ಟ, ಫಿಲ್ಟರ್ ನೋಡಿ. ಗಣಗಳ ಛೇದನ ಎಂದು ಗಣಿತದಲ್ಲಿ ನಾವು ಎರಡು ವೃತ್ತ ಬರೆದು ಕಲಿಸುತ್ತೇವಲ್ಲ, ಅದು ಇದೇ. ಆ ವೃತ್ತಗಳ ಒಳಗೆ ಸೇಬು, ಕಿತ್ತಳೆ ಬರೆಯುವ ಬದಲು ಒಮ್ಮೆ ಗೇರು ಬರೆದು ನೋಡೋಣ. ಇಂದಿನ ಆರು, ಎಂಟು ಗೇರಿನ ಪೆಟ್ಟಿಗೆಗಳಿಗೂ ಕಂಪನಿಯವರು ಇಂಥ ಪಟ್ಟಿ ಕೊಡುತ್ತಾರೆ, ಉದ್ದ ಜಾಸ್ತಿ, ತರ್ಕ ಅದೇ.

ಕಳೆದ ಮಳೆಗಾಲದಲ್ಲಿ ನಮ್ಮ ರಕ್ಷಕರೊಬ್ಬರ ಸೆಕೆಂಡ್ ಹ್ಯಾಂಡ್ ಕಾರಿಗೆ ಹೀಗೇ ಆಯಿತು. ಟಾರ್ಕ್ ಕನ್ವರ್ಟರ್ ಗೇರು. ಗಲ್ಫಿನಿಂದ ಬಂದು ಇಟ್ಟುಕೊಂಡಿದ್ದ ಉಳಿತಾಯದಲ್ಲಿ ಕೊಂಡದ್ದು. ಪೇಟೆಯ ಒಂದು ಗ್ಯಾರೇಜಿನವರು ಸ್ವಲ್ಪ ಓಡಿಸಿ ನೋಡಿ, ಕ್ಲಚ್ ಹೋಗಿದೆ, ಪೆಟ್ಟಿಗೆಯನ್ನೇ ಬದಲಿಸಬೇಕು ಎಂದರು. ಹೇಳಿದ ಮೊತ್ತ ಕಾರಿನ ಬೆಲೆಯ ಅರ್ಧಕ್ಕೆ ಹತ್ತಿರ. ನಮ್ಮ ಶಾಲೆಯ ಒಬ್ಬ ಹಳೆ ವಿದ್ಯಾರ್ಥಿಗೆ ತೋರಿಸಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಅಣ್ಣಾ, ತಿರುವಿನಲ್ಲಿ, ಏರಿನಲ್ಲಿ ಜಾಸ್ತಿಯಾ?" ಹೌದು. "ಎಲ್ಲ ಗೇರಿನಲ್ಲೂ ಉಂಟಾ?" ಅದೂ ಹೌದು. ತಿರುವಿನಲ್ಲಿ, ಏರಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯುತ್ತದೆ, ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿ ಎಳೆಯುತ್ತದೆ, ಎಲ್ಲ ಕ್ಲಚ್ಚುಗಳ ಒತ್ತಡವೂ ಒಟ್ಟಿಗೆ ಬೀಳುತ್ತದೆ. ಮಟ್ಟ ನೋಡಿದರೆ ಕಡಿಮೆ. ಎಣ್ಣೆ ತಣಿಸುವ ಕೂಲರಿಗೆ ಹೋಗುವ ಪೈಪಿನ ಜಾಯಿಂಟಿನಲ್ಲಿ ಸೋರಿಕೆ. ಬೇಗ ಗೊತ್ತಾದ್ದರಿಂದ ಪ್ಲೇಟುಗಳು ಉಳಿದವು. ಪೈಪು, ಎಣ್ಣೆ, ಕೂಲಿ, ಅಷ್ಟರಲ್ಲಿ ಮುಗಿಯಿತು.

ಎಲ್ಲ ಗ್ಯಾರೇಜಿನವರೂ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಪೆಟ್ಟಿಗೆ ಬಿಚ್ಚಿ ಸರಿ ಮಾಡಲು ವಿಶೇಷ ಸಲಕರಣೆ ಬೇಕು, ಧೂಳಿಲ್ಲದ ಜಾಗ ಬೇಕು, ದಿನಗಟ್ಟಲೆ ಕೂಲಿ ಬೇಕು. ಬಿಚ್ಚಿ ಜೋಡಿಸಿದ್ದು ಮತ್ತೆ ಕೆಟ್ಟರೆ ಜವಾಬ್ದಾರಿ ಹೊರುವವರು ಯಾರು? ಹೊಸ ಪೆಟ್ಟಿಗೆ ಇಟ್ಟರೆ ಆ ತಲೆನೋವಿಲ್ಲ. ಅವರ ಲೆಕ್ಕ ಅವರಿಗೆ ಸರಿ. ನಿಜವಾಗಿಯೂ ಪೆಟ್ಟಿಗೆ ಮುಗಿದ ಸಂದರ್ಭಗಳೂ ಇವೆ. ನಮ್ಮ ತಕರಾರು ಬದಲಿಸುವುದರ ಬಗ್ಗೆಯಲ್ಲ, ಪರೀಕ್ಷೆ ಮಾಡದೆ ಬದಲಿಸುವುದರ ಬಗ್ಗೆ. ಗೇಜು ಜೋಡಿಸಿ ಎಣ್ಣೆಯ ಒತ್ತಡ ಅಳೆದಿರಾ, ಕೆಳಗಿನ ಪ್ಯಾನು ಬಿಚ್ಚಿ ನೋಡಿದಿರಾ ಎಂದು ಮಾಲಿಕ ಕೇಳಬೇಕು. ಪ್ಯಾನಿನ ಅಯಸ್ಕಾಂತದ ಮೇಲೆ ನುಣ್ಣಗಿನ ಬೂದು ಕೆಸರು ಸ್ವಲ್ಪ ಇರುವುದು ಸಹಜ, ಕಪ್ಪು ಚೂರುಗಳು, ಲೋಹದ ಸಿಪ್ಪೆಗಳು ಸಹಜವಲ್ಲ.

ಬಿಚ್ಚಲೇಬೇಕಾಗಿ ಬಂದರೆ ಆಗಲೂ ಪತ್ತೇದಾರಿ ಮುಗಿಯುವುದಿಲ್ಲ. ಒಂದೇ ಕ್ಲಚ್ಚಿನ ಪ್ಲೇಟುಗಳು ಕರಿದು ಉಳಿದವು ಚೆನ್ನಾಗಿದ್ದರೆ ಕಾರಣ ಆ ಒಂದು ದಾರಿಯಲ್ಲೇ ಇದೆ: ಅದರ ಸೀಲು, ಅದರ ಕವಾಟ, ಅದರ ಸೊಲೆನಾಯ್ಡ್. ಎಲ್ಲವೂ ಕರಿದಿದ್ದರೆ ಎಣ್ಣೆ, ಪಂಪು, ಕೂಲರ್. ಎಣ್ಣೆ ಹೋಗುವ ತೂತಿಗೆ ಒತ್ತಡದ ಗಾಳಿ ಬಿಟ್ಟರೆ ಪಿಸ್ಟನ್ ಟಪ್ ಎಂದು ಕೂರಬೇಕು, ಬರೇ ಬುಸ್ ಎಂದರೆ ಸೀಲು ಸೋರುತ್ತಿದೆ. ಹೊಸ ಲೈನಿಂಗ್ ಪ್ಲೇಟುಗಳನ್ನು ಒಣಗಿದಂತೆಯೇ ಹಾಕಬಾರದು, ಅದೇ ಜಾತಿಯ ಎಣ್ಣೆಯಲ್ಲಿ ನೆನೆಹಾಕಿ ಹಾಕಬೇಕು. ಅಟ್ಟಿ ಜೋಡಿಸಿದ ಮೇಲೆ ಸಂದು ಎಷ್ಟಿದೆ ಎಂದು ಫೀಲರ್ ಗೇಜಿನಿಂದ ಅಳೆಯಬೇಕು. ಹೆಚ್ಚಾದರೆ ತಡವಾಗಿ ಹಿಡಿಯುತ್ತದೆ, ಕಡಿಮೆಯಾದರೆ ಬಿಡದೆ ಉಜ್ಜಿ ಮತ್ತೆ ಕರಿಯುತ್ತದೆ. ಕೂಲರನ್ನೂ ಪೈಪನ್ನೂ ತೊಳೆಯದೆ ಬಿಟ್ಟರೆ ಹಳೆಯ ಕ್ಲಚ್ಚಿನ ಬೂದಿ ಹೊಸ ಪೆಟ್ಟಿಗೆಗೆ ಹೋಗುತ್ತದೆ. ಕೊನೆಗೆ ಸ್ಕ್ಯಾನರ್ ಇಟ್ಟು ಹೊಸ ಕ್ಲಚ್ಚಿನ ಗುರುತನ್ನು ಕಂಪ್ಯೂಟರಿಗೆ ಮಾಡಿಕೊಡಬೇಕು. ಎ.ಎಂ.ಟಿ.ಯಲ್ಲೂ ಇದು ಮುಖ್ಯ. ಪ್ಲೇಟು ಎಲ್ಲಿ ಹಿಡಿಯತೊಡಗುತ್ತದೆ ಎಂಬುದು ಕಂಪ್ಯೂಟರಿಗೆ ತಿಳಿಯದಿದ್ದರೆ ಹೊಚ್ಚಹೊಸ ಕ್ಲಚ್ಚೂ ಜಗ್ಗುತ್ತದೆ. ಆಗ ಮಾಲಿಕ ಬಂದು ಜಗಳ ಮಾಡುತ್ತಾನೆ, ಹುಡುಗ ಮತ್ತೊಮ್ಮೆ ಪೆಟ್ಟಿಗೆ ಇಳಿಸುತ್ತಾನೆ, ಬೇಕಾದದ್ದು ಹತ್ತು ನಿಮಿಷದ ಸ್ಕ್ಯಾನರ್ ಕೆಲಸ!

ಇಷ್ಟನ್ನೂ ಇಂಗ್ಲಿಷ್ ಬಾರದೆ ಕಲಿಯಲಾಗದು ಎಂದು ರಕ್ಷಕರು ಹೇಳುತ್ತಾರೆ, ಅದಕ್ಕಾಗಿಯೇ ಮಕ್ಕಳನ್ನು ಕನ್ನಡ ಮಾಧ್ಯಮದಿಂದ ಬಿಡಿಸುತ್ತಾರೆ. ಅರ್ಧ ನಿಜ. ಕಂಪನಿಗಳ ಸರ್ವೀಸ್ ಪುಸ್ತಕ ಇಂಗ್ಲಿಷಿನಲ್ಲಿದೆ, ಅದನ್ನು ಓದಲು ನಮ್ಮ ಹುಡುಗರು ಕಲಿಯಲೇಬೇಕು. ಆದರೆ ಆ ಪುಸ್ತಕದಲ್ಲಿ ಬರುವ ಪದಗಳು ಕೆಲವು ನೂರು, ಗ್ಯಾರೇಜಿನಲ್ಲಿ ಆರು ತಿಂಗಳಲ್ಲಿ ಬಾಯಿಗೆ ಬರುತ್ತವೆ. ಪಿ 0732 ಎಲ್ಲ ಭಾಷೆಯಲ್ಲೂ ಪಿ 0732ವೇ. ಬಾರದೆ ಉಳಿಯುವುದು ಒತ್ತಡ ಅರ್ಧವಾದರೆ ಬಲ ಅರ್ಧ ಎಂಬ ತಿಳಿವಳಿಕೆ. ಅದು ಚಿಕ್ಕಂದಿನಲ್ಲಿ, ತಿಳಿಯುವ ಭಾಷೆಯಲ್ಲಿ ಬರಬೇಕು. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಬಸ್ಸಿನಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆಯ ಕೆಲವು ನೂರು ಪದ ಭಾರವೇ ಅಲ್ಲ.

ಇನ್ನೊಂದು ತುದಿಯವರೂ ಇದ್ದಾರೆ. ಕ್ಲಚ್ಚಿಗೆ, ಗೇರಿಗೆ, ಪಿಸ್ಟನಿಗೆ ಅಚ್ಚ ಕನ್ನಡದ ಪದ ಕಟ್ಟಬೇಕೆನ್ನುವವರು. ಅವರ ಪ್ರೀತಿಗೆ ನಮಸ್ಕಾರ. ಆದರೆ ಗ್ಯಾರೇಜಿನಲ್ಲಿ ಯಾರೂ ಆಡದ ಪದವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದರೆ ಮಗು ಎರಡು ಕಡೆಯೂ ಮೂಕವಾಗುತ್ತದೆ. ಕ್ಲಚ್ ಕ್ಲಚ್ಚೇ ಆಗಿರಲಿ. ಅದು ಯಾಕೆ ಜಾರಿತು ಎಂಬ ವಿವರಣೆ ಕನ್ನಡದಲ್ಲಿ ಇರಲಿ.

ನಾವು ಕೇಳುವುದು ದೊಡ್ಡ ಯೋಜನೆ ಏನಲ್ಲ. ಘರ್ಷಣೆ, ಒತ್ತಡದ ಪಾಠ ಬರುವ ತಿಂಗಳಲ್ಲಿ ವಿಜ್ಞಾನ ಕ್ಲಬ್ಬಿನ ಒಂದು ಪೀರಿಯಡ್. ಊರಿನಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿಯೊಬ್ಬನನ್ನು ಕರೆಯಿರಿ. ಅತಿಥಿಯ ಕುರ್ಚಿ ಕೊಡಿ, ಹೆಗಲಿಗೆ ಶಾಲು ಬೇಡ, ಮೇಜಿನ ಮೇಲೆ ಪ್ಲೇಟುಗಳನ್ನು ಹರಡಲು ಜಾಗ ಕೊಡಿ. ಮಕ್ಕಳು ಕೇಳಲಿ, ಅವನು ಹೇಳಲಿ, ಅವನಿಗೆ ಸೂತ್ರ ಮರೆತಿದ್ದರೆ ಮಾಷ್ಟ್ರು ಕರಿಹಲಗೆಯಲ್ಲಿ ಬರೆಯಲಿ. ಹಳೆಯ ಪ್ಲೇಟುಗಳು ಗುಜರಿ ಬೆಲೆಗೆ ಸಿಗುತ್ತವೆ, ಹೆಚ್ಚಿನವರು ಶಾಲೆಗೆಂದರೆ ಸುಮ್ಮನೆ ಕೊಡುತ್ತಾರೆ. ಒಂದು ಎಚ್ಚರಿಕೆ ಮಾತ್ರ: ಒಣ ಕ್ಲಚ್ಚಿನ ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಧೂಳನ್ನು ಊದಬೇಡಿ, ಉಜ್ಜಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಕೊಡಿ. ಎಣ್ಣೆಯ ಪ್ಲೇಟುಗಳಾದರೆ ಸೋಪು ನೀರು ತಯಾರಾಗಿರಲಿ, ಸಮವಸ್ತ್ರಕ್ಕೆ ಹತ್ತಿದರೆ ತಾಯಂದಿರು ನಮ್ಮನ್ನು ಬಿಡುವುದಿಲ್ಲ.